ಬಸ್ಸಾರಿಗೂ ಬಸ್ ಸಾರಿಗೆಗೂ ನಡುವೆ

ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ಯಾವುದಾದರೂ ಮುದ್ದೆ ಹೋಟೆಲಿನಲ್ಲಿ ಕೂತು ‘ಬಸ್ಸಾರಿಗೆ ಚೂರು ಉಪ್ಪು ಕೊಡಿ’ ಅಂದರೆ ಉಪ್ಪಿನ ಬಟ್ಟಲು ಬರುತ್ತದೆ. ಅವೇ ಅಕ್ಷರಗಳ ನಡುವೆ ಒಂದು ಜಾಗ ಬಿಟ್ಟು ‘ಬಸ್ ಸಾರಿಗೆ’ ಅಂತ ಬರೆದರೆ ಬೇಲೂರಿಗೋ ಅರಸೀಕೆರೆಗೋ ಹೊರಟು ನಿಂತ ಕೆಂಪು ಗಾಡಿ. ಎರಡರಲ್ಲೂ ಇರುವ ‘ಬಸ್’ ಮೊಟಕು ಪದವೇ. ಬೇಳೆ-ಸೊಪ್ಪು ಬೆಂದ ನೀರನ್ನು ಬಸಿದು ಮಾಡುವ ಸಾರಿನ ಬಸ್ಸು, ‘ಬಸಿ’ ಎಂಬ ಕನ್ನಡ ಧಾತುವಿನ ಬಾಲ ಉದುರಿ ಆದದ್ದು. ಗಾಡಿಯ ಬಸ್ಸು ‘ಓಮ್ನಿಬಸ್’ ಎಂಬ ಲ್ಯಾಟಿನ್ ಪದದ ತಲೆ ಹಾರಿಸಿದ ಮೇಲೆ ಉಳಿದದ್ದು. ಮೊದಲನೆಯದರಲ್ಲಿ ಅರ್ಥ ಹಾಗೇ ಇದೆ. ಎರಡನೆಯದರಲ್ಲಿ ಅರ್ಥವಿದ್ದ ಭಾಗವೇ ಹೋಗಿ ಬರೀ ವಿಭಕ್ತಿ ಪ್ರತ್ಯಯ ಉಳಿದಿದೆ. ದಿನಾ ಬೆಳಗಾದರೆ ನಾವು ಓಡಿಹೋಗಿ ಹತ್ತುವುದು ಒಂದು ಪ್ರತ್ಯಯವನ್ನು.

ಲ್ಯಾಟಿನ್‌ನಲ್ಲಿ ‘ಓಮ್ನಿಸ್’ ಅಂದರೆ ಎಲ್ಲ. ಅದರ ಚತುರ್ಥಿ ಬಹುವಚನ ‘ಓಮ್ನಿಬುಸ್’, ಅಂದರೆ ಎಲ್ಲರಿಗೆ, ಎಲ್ಲರಿಗೋಸ್ಕರ. ‘ಓಮ್ನಿ’ ಪ್ರಕೃತಿ, ‘ಬುಸ್’ ಪ್ರತ್ಯಯ. ಈಗ ಕನ್ನಡದ ‘ಎಲ್ಲರಿಗೆ’ ತೆಗೆದುಕೊಂಡು ‘ಎಲ್ಲ’ವನ್ನು ಎಸೆದು ‘ರಿಗೆ’ ಮಾತ್ರ ಇಟ್ಟುಕೊಳ್ಳಿ. ‘ರಿಗೆ ಬಂತು, ಬೇಗ ಹತ್ತಿ’, ‘ರಿಗೇಲಿ ಸೀಟಿಲ್ಲ’. ಇಂಗ್ಲಿಷಿನವರು ಮಾಡಿದ್ದು ಇದನ್ನೇ. ಸಾಮಾನ್ಯವಾಗಿ ಅವರು ಪದ ಮೊಟಕು ಮಾಡುವಾಗ ತಲೆ ಇಟ್ಟುಕೊಂಡು ಬಾಲ ಕತ್ತರಿಸುತ್ತಾರೆ. ಫೋಟೋಗ್ರಾಫ್ ಫೋಟೋ ಆಯಿತು, ಲ್ಯಾಬೊರೇಟರಿ ಲ್ಯಾಬ್ ಆಯಿತು, ಕ್ಯಾಬ್ರಿಯೊಲೆ ಎಂಬ ಕುದುರೆಗಾಡಿ ಕ್ಯಾಬ್ ಆಯಿತು. ತಲೆ ಕತ್ತರಿಸುವುದು ಅಪರೂಪ. ಟೆಲಿಫೋನಿನಿಂದ ಬಂದ ಫೋನಿನಲ್ಲಿ ಕೊನೇಪಕ್ಷ ಗ್ರೀಕಿನ ‘ದನಿ’ಯಾದರೂ ಉಳಿದಿದೆ. ಬಸ್ಸಿನಲ್ಲಿ ಅದೂ ಇಲ್ಲ.

ಈ ಪ್ರತ್ಯಯ ನಮಗೆ ಅಪರಿಚಿತವೇನೂ ಅಲ್ಲ. ಲಗ್ನಪತ್ರಿಕೆಯ ನೆತ್ತಿಯ ಮೇಲೆ ‘ಶ್ರೀ ಗುರುಭ್ಯೋ ನಮಃ’ ಅಂತ ಇರುತ್ತದಲ್ಲ, ಅದರ ‘ಭ್ಯೋ’ ಅಂದರೆ ‘ಭ್ಯಃ’, ಸಂಸ್ಕೃತದ ಚತುರ್ಥಿ ಬಹುವಚನ. ಲ್ಯಾಟಿನ್ನಿನ ‘ಬುಸ್’ ಮತ್ತು ಸಂಸ್ಕೃತದ ‘ಭ್ಯಸ್’ ಒಂದೇ ಬಳ್ಳಿಯ ಕಾಯಿ. ಮೂಲ ಇಂಡೋ-ಯುರೋಪಿಯನ್ ಭಾಷೆಯ ‘ಭ’ ಸಂಸ್ಕೃತದಲ್ಲಿ ‘ಭ’ ಆಗಿಯೇ ಉಳಿಯಿತು. ಲ್ಯಾಟಿನ್‌ನಲ್ಲಿ ಪದದ ಮೊದಲಿಗೆ ಬಂದಾಗ ‘ಫ’, ನಡುವೆ ಬಂದಾಗ ‘ಬ’ ಆಯಿತು. ಹಾಗಾಗಿಯೇ ಭ್ರಾತೃ ಅಲ್ಲಿ ‘ಫ್ರಾತೆರ್’, ನಭಸ್ ಅಲ್ಲಿ ‘ನೆಬುಲಾ’. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ವಿಭಕ್ತಿ ಕೋಷ್ಟಕ ತೆಗೆದು ನೋಡಬಹುದು. ಸಂಸ್ಕೃತದಲ್ಲಿ ಚತುರ್ಥಿ ಬಹುವಚನಕ್ಕೂ ಪಂಚಮಿ ಬಹುವಚನಕ್ಕೂ ‘ಭ್ಯಃ’ ಒಂದೇ ರೂಪ. ಲ್ಯಾಟಿನ್‌ನಲ್ಲೂ ಆ ಎರಡು ಜಾಗಕ್ಕೆ ಒಂದೇ ‘ಬುಸ್’. ಆದ್ದರಿಂದ ‘ಓಮ್ನಿಬುಸ್’ ಅನ್ನು ಸಂಸ್ಕೃತಕ್ಕೆ ತಂದರೆ ‘ಸರ್ವೇಭ್ಯಃ’. ಓಮ್ನಿಸ್‌ಗೂ ಸರ್ವಕ್ಕೂ ರಕ್ತಸಂಬಂಧವಿಲ್ಲ. ನೆಂಟಸ್ತಿಕೆ ಇರುವುದು ಬಾಲಕ್ಕೆ ಮಾತ್ರ, ಬೋರ್ಡ್ ಹಾಕಿಕೊಂಡು ಓಡಾಡುತ್ತಿರುವುದೂ ಆ ಬಾಲವೇ.

ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ನಮ್ಮ ಪ್ರತ್ಯಯವನ್ನೂ ಹಚ್ಚಿದೆವು. ‘ಬಸ್ಸಿಗೆ ಹೋಗ್ತೀನಿ’ ಅನ್ನುವಲ್ಲಿ ಲ್ಯಾಟಿನ್ನಿನ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿ ಕೂತಿದೆ. ಬಿಡಿಸಿದರೆ ‘ಗೆಗೆ’. ನಮ್ಮ ‘ಗೆ’ ದ್ರಾವಿಡದ್ದು, ಅವರ ‘ಬುಸ್’ಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟಕ್ಕೂ ಈ ಹೆಸರು ಗಾಡಿಗೆ ಅಂಟಿದ್ದು ಫ್ರಾನ್ಸಿನಲ್ಲಿ. ಎಲ್ಲರೂ ದುಡ್ಡು ಕೊಟ್ಟು ಹತ್ತುವ, ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ ಓಡುವ ಗಾಡಿಯನ್ನು ಪ್ಯಾರಿಸ್ಸಿನಲ್ಲಿ 1662ರಲ್ಲೇ ಓಡಿಸಿದ್ದರು. ಅದರ ಹಿಂದೆ ಇದ್ದವನು ಗಣಿತಜ್ಞ ಬ್ಲೇಸ್ ಪಾಸ್ಕಲ್. ಚಾರ್ಜು ಐದು ಸೋಲ್ (ಅಂದಿನ ಫ್ರೆಂಚ್ ಚಿಲ್ಲರೆ ನಾಣ್ಯ). ಆದರೆ ಸೈನಿಕರು, ಆಳುಕಾಳುಗಳು, ಕೂಲಿಯವರು ಹತ್ತಕೂಡದು ಅಂತ ಅಲ್ಲಿನ ನ್ಯಾಯಸಭೆ ಕಟ್ಟಳೆ ಹಾಕಿತು. ಗಾಡಿ ಇತ್ತು, ‘ಎಲ್ಲರಿಗೆ’ ಇರಲಿಲ್ಲ. ಕೆಲವು ವರ್ಷದಲ್ಲಿ ನಿಂತುಹೋಯಿತು.

1826ರಲ್ಲಿ ನಾಂತ್ ಊರಿನ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ಊರಾಚೆ ಇದ್ದ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಗಾಡಿ ಬಿಟ್ಟ. ಹಿಟ್ಟಿನ ಗಿರಣಿಯ ಉಗಿಯಂತ್ರದಿಂದ ಬರುತ್ತಿದ್ದ ಬಿಸಿನೀರು ವ್ಯರ್ಥವಾಗಬಾರದೆಂಬ ಲೆಕ್ಕ. ಜನ ಗಾಡಿ ಹತ್ತಿದರು, ಆದರೆ ಸ್ನಾನಕ್ಕೆ ಬರಲಿಲ್ಲ, ದಾರಿಯಲ್ಲೇ ಇಳಿದುಕೊಂಡರು. ಸ್ನಾನದ ವ್ಯಾಪಾರಕ್ಕಿಂತ ಗಾಡಿಯ ವ್ಯಾಪಾರವೇ ಮೇಲು ಅಂತ ಆತನಿಗೆ ಗೊತ್ತಾದದ್ದು ಹೀಗೆ. ಆ ಗಾಡಿ ನಿಲ್ಲುತ್ತಿದ್ದ ಕಡೆ ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿಯಿತ್ತು, ಬೋರ್ಡಿನ ಮೇಲೆ ‘ಓಮ್ನೆಸ್ ಓಮ್ನಿಬುಸ್’ ಅಂತ ಶ್ಲೇಷೆ ಬರೆಸಿದ್ದ, ಹೆಸರು ಅಲ್ಲಿಂದ ಬಂತು ಅಂತ ಒಂದು ಕಥೆ ಇದೆ. ಎಲ್ಲ ಕಡೆ ಇದನ್ನೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ದಾಖಲೆ ಇಲ್ಲದ ಕಥೆ. ಹತ್ತು ಜನ ಹತ್ತುವ ಗಾಡಿಗೆ ‘ಎಲ್ಲರಿಗೆ’ ಅಂತ ಹೆಸರಿಡಲು ಟೋಪಿ ಅಂಗಡಿ ಬೇಕಾಗಿರಲಿಲ್ಲ ಅಂತಲೇ ನನ್ನ ಅನಿಸಿಕೆ. 1828ರಲ್ಲಿ ಗಾಡಿ ಪ್ಯಾರಿಸ್ಸಿಗೆ ಬಂತು. 1829ರ ಜುಲೈ 4ರಂದು ಲಂಡನ್ನಿನಲ್ಲಿ ಜಾರ್ಜ್ ಶಿಲಿಬೀರ್ ಮೂರು ಕುದುರೆಯ, 22 ಜನ ಕೂರುವ ಗಾಡಿಯನ್ನು ಪ್ಯಾಡಿಂಗ್ಟನ್ನಿನಿಂದ ಬ್ಯಾಂಕ್ ಆಫ್ ಇಂಗ್ಲೆಂಡಿನವರೆಗೆ ಓಡಿಸಿದ, ಒಂದು ಷಿಲ್ಲಿಂಗ್ ಚಾರ್ಜಿಗೆ. ಕೆಲವೇ ವರ್ಷದಲ್ಲಿ ಜನರ ಬಾಯಲ್ಲಿ ತಲೆ ಹಾರಿ ‘ಬಸ್’ ಉಳಿಯಿತು. ಹಾರಿಹೋದ ತಲೆಯ ಗುರುತಿಗೆ ಇಂಗ್ಲಿಷಿನ ಅಚ್ಚಿನಲ್ಲಿ ಪದದ ಮುಂದೆ ಒಂದು ಲೋಪಚಿಹ್ನೆ ಹಾಕುತ್ತಿದ್ದರು, ಇಪ್ಪತ್ತನೇ ಶತಮಾನದವರೆಗೂ. ಆಮೇಲೆ ಅದೂ ಬಿದ್ದುಹೋಯಿತು.

ತಲೆ ಎಲ್ಲಿ ಹೋಯಿತು ಅಂತ ಹುಡುಕುವವರು ಮಲೆನಾಡಿನ ಯಾವುದಾದರೂ ಎಸ್ಟೇಟಿನ ಗೇಟಿನೊಳಗೆ ನೋಡಬಹುದು. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿಯ ಡಬ್ಬಿ ವ್ಯಾನಿನ ಹೆಸರು ಓಮ್ನಿ. ಕಡೂರಿನ ಬಸ್ಸಿನ ಹಿಂದೆ ಹಾರ್ನ್ ಹೊಡೆಯುತ್ತ ಓಮ್ನಿ ಬರುತ್ತಿದ್ದರೆ ಬಾಲದ ಹಿಂದೆ ತಲೆ ಬರುತ್ತಿದೆ ಅಂತ ತಿಳಿಯಿರಿ.

ನಮ್ಮ ಕಡೆ ಹಿರಿಯರು ಬಹಳ ಕಾಲ ‘ಬಸ್ಸು’ ಅನ್ನಲಿಲ್ಲ, ‘ಮೋಟಾರು’ ಅನ್ನುತ್ತಿದ್ದರು. ‘ಹತ್ತು ಗಂಟೆ ಮೋಟಾರಿಗೆ ಬಂದ್ರು’ ಅಂದರೆ ಬಸ್ಸಿಗೆ ಬಂದರು ಅಂತ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು, 1961ರ ಆಗಸ್ಟ್ 1ಕ್ಕೆ ನಿಗಮವಾಯಿತು. ಕಾಗದದ ಮೇಲೆ ‘ಸಾರಿಗೆ’ ಬಂತು, ಬಾಯಲ್ಲಿ ‘ಬಸ್ಸು’ ಗೆದ್ದಿತು. ಆದರೂ ‘ಸಾರಿಗೆ’ ಪೂರ್ತಿ ಕಚೇರಿಯ ಪದವಾಗಿ ಉಳಿಯಲಿಲ್ಲ. ಕೊಪ್ಪದಲ್ಲಿ ನೌಕರರೇ ಸೇರಿ ನಡೆಸಿದ ಸಹಕಾರ ಸಾರಿಗೆ ಓಡುತ್ತಿದ್ದ ದಿನಗಳಲ್ಲಿ ‘ಸಹಕಾರ ಸಾರಿಗೆ ಹೋಯ್ತಾ?’ ಅಂತಲೇ ಕೇಳುತ್ತಿದ್ದರು, ಬಸ್ಸು ಅನ್ನುವ ಪದ ಬೇಕೇ ಆಗುತ್ತಿರಲಿಲ್ಲ. ತಮಿಳರು ಪೇರ್ (ದೊಡ್ಡ) ಮತ್ತು ಉಂದು (ನೂಕು) ಸೇರಿಸಿ ‘ಪೇರುಂದು’ ಅಂತ ಹೊಸದಾಗಿ ಕಟ್ಟಿದರು, ಸರ್ಕಾರಿ ಬೋರ್ಡಿನಲ್ಲಿ ಅದು ನಿಂತೂ ನಿಂತಿತು. ಕನ್ನಡಕ್ಕೆ ಅಂಥದ್ದು ಬರಲಿಲ್ಲ, ಬೇಕೂ ಇರಲಿಲ್ಲ ಅನ್ನಿಸುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಚಾರ್ಜಿಲ್ಲ, ಕಂಡಕ್ಟರ್ ಹರಿದುಕೊಡುವುದು ಸೊನ್ನೆ ರೂಪಾಯಿ ಟಿಕೆಟ್. ಚತುರ್ಥಿ ವಿಭಕ್ತಿಗೆ ‘ಸಂಪ್ರದಾನ’, ಅಂದರೆ ಕೊಡುವುದು, ಎಂಬ ಹೆಸರಿಟ್ಟ ವೈಯಾಕರಣರು ಇದ್ದಿದ್ದರೆ ಖುಷಿಪಡುತ್ತಿದ್ದರು.

ಇದೇ ಪದ ತಂತಿಯೊಳಕ್ಕೂ ಹೊಕ್ಕಿದೆ. ಮನೆಯ ಮೀಟರ್ ಬೋರ್ಡಿನ ಪಕ್ಕದ ಡಿಬಿ ಬಾಕ್ಸ್ (ಕರೆಂಟು ಹಂಚುವ ಪೆಟ್ಟಿಗೆ) ತೆಗೆದರೆ, ಕರೆಂಟು ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್ಚುಗಳಾದ ಎಂಸಿಬಿಗಳ ಸಾಲಿನ ಕೆಳಗೆ ಒಂದು ತಾಮ್ರದ ಪಟ್ಟಿ ಕಾಣುತ್ತದೆ, ಎಲೆಕ್ಟ್ರಿಷಿಯನ್ನರು ಅದನ್ನು ‘ಬಸ್‌ಬಾರ್’ ಅನ್ನುತ್ತಾರೆ. ಒಂದೇ ಕಡೆಯಿಂದ ಬಂದ ಕರೆಂಟನ್ನು ಎಲ್ಲ ಸರ್ಕ್ಯೂಟಿಗೂ ಹಂಚುವ ಪಟ್ಟಿ ಆದ್ದರಿಂದ ಮೊದಲಿಗೆ ಅದಕ್ಕೆ ಇಟ್ಟ ಹೆಸರು ‘ಓಮ್ನಿಬಸ್ ಬಾರ್’. ಗಾಡಿಯಿಂದ ಬಂದ ಹೋಲಿಕೆಯಾದರೂ ‘ಎಲ್ಲರಿಗೆ’ ಎಂಬ ಮೂಲ ಅರ್ಥ ಗಾಡಿಗಿಂತ ಇಲ್ಲೇ ಸರಿಯಾಗಿ ಕೂರುತ್ತದೆ. ಈ ಪಟ್ಟಿಯಲ್ಲಿ ಕೆಡುವುದು ಹೆಚ್ಚಾಗಿ ಸ್ಕ್ರೂ. ಸ್ಕ್ರೂ ಸಡಿಲವಾದರೆ ಆ ಜಾಗದಲ್ಲಿ ತಡೆ ಹೆಚ್ಚಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ, ಪಟ್ಟಿ ಕಪ್ಪಾಗುತ್ತದೆ. ಆದರೆ ಎಂಸಿಬಿ ಬೀಳುವುದಿಲ್ಲ, ಯಾಕೆಂದರೆ ಹರಿಯುತ್ತಿರುವ ಕರೆಂಟು ಅದರ ಮಿತಿಯೊಳಗೇ ಇರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದ ತೇವಕ್ಕೆ ತಾಮ್ರದ ಮೇಲೆ ಹಸಿರು ಕಿಲುಬು ಹಿಡಿದು ಇದು ಇನ್ನೂ ಬೇಗ ಆಗುತ್ತದೆ. ಮಳೆಗಾಲಕ್ಕೆ ಮುಂಚೆ ಮೇನ್ ಆಫ್ ಮಾಡಿಸಿ, ಗೊತ್ತಿದ್ದವರ ಕೈಲಿ ಎಲ್ಲ ಸ್ಕ್ರೂ ಬಿಗಿ ಮಾಡಿಸಿದರೆ ಸಾಕು.

ಕಂಪ್ಯೂಟರಿನ ಡೇಟಾ ಬಸ್, 1996ರಲ್ಲಿ ಬಂದ ಯುಎಸ್‌ಬಿಯ ಕೊನೆಯ ‘ಬಿ’, ಎಲ್ಲ ಈ ಪಟ್ಟಿಯ ಮಕ್ಕಳು. ತಮಾಷೆಯೆಂದರೆ ಈಗಿನ ಬಸ್ಸಿನೊಳಗೂ ಒಂದು ಬಸ್ಸಿದೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಬಸ್ ಎಂಬ ಎರಡು ಎಳೆ ಹೆಣೆದ ವೈರು. ಎಂಜಿನ್, ಬ್ರೇಕು, ಡ್ಯಾಶ್‌ಬೋರ್ಡಿನ ಮೀಟರುಗಳು ಎಲ್ಲ ಈ ಒಂದೇ ಜೋಡಿಯಲ್ಲಿ ಮಾತಾಡಿಕೊಳ್ಳುತ್ತವೆ. ಒಬ್ಬರು ಹೇಳಿದ್ದು ಎಲ್ಲರಿಗೂ ಕೇಳಿಸುತ್ತದೆ, ಹಳ್ಳಿಯ ಬಸ್ಸಿನ ಹಾಗೇ. ಎಳೆಯ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ, ಎರಡು ಎಳೆಗಳ ನಡುವೆ ಮಲ್ಟಿಮೀಟರ್ ಇಟ್ಟರೆ 60 ಓಮ್ ತೋರಿಸಬೇಕು, ಎರಡು 120 ಪಕ್ಕಪಕ್ಕ ಸಮಾಂತರವಾಗಿ ಸೇರಿದರೆ 60. ಮೀಟರು 120 ತೋರಿಸಿದರೆ ಒಂದು ತುದಿ ಕಡಿದಿದೆ. ಸೊನ್ನೆಗೆ ಹತ್ತಿರ ತೋರಿಸಿದರೆ ಎರಡು ಎಳೆ ಎಲ್ಲೋ ಒಂದಕ್ಕೊಂದು ತಾಗಿವೆ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ದೀಪ ಒಟ್ಟಿಗೆ ಹತ್ತಿಕೊಂಡು ಎಂಜಿನ್ ಮಾತ್ರ ಸರಿಯಾಗೇ ಇರುವಾಗ ಮೆಕ್ಯಾನಿಕ್ಕು ಮೊದಲು ನೋಡಬೇಕಾದ್ದು ಇದನ್ನೇ.

ಬೇರೆ ಭಾಷೆಗಳಲ್ಲಿ ಬಸ್ಸಿನ ಪಾಡು ಒಂದೊಂದು ಥರ. ಫ್ರೆಂಚರು ಎಂಜಿನ್ ಬಂದ ಮೇಲೆ ‘ಓಟೋಬಸ್’ ಮಾಡಿದರು, ಗ್ರೀಕಿನ ‘ತಾನೇ’ಗೆ ಲ್ಯಾಟಿನ್ನಿನ ‘ಇಗೆ’ ಅಂಟಿಸಿದ ಹಾಗೆ. ತುರ್ಕಿ, ಪಾರ್ಸಿಯವರು ಅದನ್ನೇ ಹಿಡಿದುಕೊಂಡರು. ಬ್ರೆಜಿಲ್‌ನಲ್ಲಿ ‘ಓನಿಬುಸ್’, ತಲೆ ಹಾರಿಸದೆ ಇಡಿಯಾಗಿ. ಜಪಾನಿನಲ್ಲಿ ‘ಬಾಸು’ ಅಂದರೆ ಬಸ್ಸೂ ಹೌದು, ಇಂಗ್ಲಿಷಿನಿಂದ ಬಂದ ಸ್ನಾನವೂ ಹೌದು (ನಾಂತ್‌ನ ಬೋದ್ರಿ ಕೇಳಿದ್ದರೆ ನಗುತ್ತಿದ್ದ). ಎಲ್ಲರಿಗಿಂತ ಮುಂದೆ ಹೋದವರು ಚೀನೀಯರು. ಹಾಂಗ್‌ಕಾಂಗಿನ ಕ್ಯಾಂಟನೀಸಿನಲ್ಲಿ ‘ಬಾ ಸಿ’ ಅಂತ ಎರಡು ಲಿಪಿಚಿಹ್ನೆಯಲ್ಲಿ ಬರೆದರು, ಮ್ಯಾಂಡರಿನ್‌ನಲ್ಲಿ ಅದನ್ನೂ ಮೊಟಕು ಮಾಡಿ ‘ಬಾ’ ಒಂದನ್ನೇ ಇಟ್ಟುಕೊಂಡರು. ಮೊಟಕಿನ ಮೊಟಕು. ದೊಡ್ಡ ಬಸ್ಸು ‘ದಾಬಾ’, ಚಿಕ್ಕದು ‘ಶಿಯಾವ್‌ಬಾ’. ಹಾಸನದ ಬೈಪಾಸಿನಲ್ಲಿ ದಾಬಾ ಅಂದರೆ ತಂದೂರಿ ರೊಟ್ಟಿ ಸಿಗುವ ಜಾಗ, ಅಲ್ಲಿ 50 ಸೀಟಿನ ಗಾಡಿ.

ಹೆಸರು ಒಂದೇ ಇದ್ದು ನೆಂಟಸ್ತಿಕೆ ಇಲ್ಲದ ‘ಬಸ್’ಗಳೂ ಇವೆ, ಇವನ್ನು ಬೆರೆಸಿ ಕಥೆ ಕಟ್ಟುವವರು ಬಹಳ. ‘ಬಸ್, ಸಾಕು ಬಿಡಪ್ಪ’ ಅನ್ನುವ ಬಸ್ ಪಾರ್ಸಿಯದು, ಉರ್ದು ದಖ್ಖನಿಗಳ ಮೂಲಕ ನಮ್ಮ ಬಾಯಿಗೆ ಬಂದದ್ದು. ಅದರ ಹಳೆಯ ರೂಪ ‘ವಸಿಯ್’ ದಾರಿಯಸ್ ದೊರೆಯ ಬೆಹಿಸ್ತೂನ್ ಶಾಸನದಲ್ಲೇ ಇದೆ, ಅಲ್ಲಿ ಅದಕ್ಕೆ ‘ಬಹಳ’ ಎಂಬ ಅರ್ಥ. ಬಹಳ ಆದದ್ದು ಸಾಕು ಆಯಿತು. ಆಫ್ರಿಕಾದ ಸ್ವಾಹಿಲಿಯಲ್ಲಿ ‘ಬಾಸಿ’ ಅಂದರೆ ಬಸ್ಸು, ‘ಬಾಸಿ’ ಅಂದರೆ ಸಾಕು, ಎರಡೂ ಎರಡು ದಿಕ್ಕಿನಿಂದ ಬಂದು ಒಂದೇ ಮನೆಯಲ್ಲಿವೆ. ಮರಾಠಿಯ ‘ಬಸ್’ ಅಂದರೆ ಕೂತುಕೋ, ಸಂಸ್ಕೃತದ ‘ಉಪವಿಶ್’ ಸವೆದು ಆದದ್ದು. ‘ಬಸ್‌ಮಧ್ಯೇ ಬಸ್’ ಅಂದರೆ ಬಸ್ಸಿನಲ್ಲಿ ಕೂರು. ಕನ್ನಡದ ‘ಬಸುರು’, ನಮ್ಮ ಕಡೆಯ ‘ಬಸ್ರು’, ತಮಿಳಿನ ‘ವಯಿಱು’ವಿನ ತಂಗಿ, ಮೂಲ ಅರ್ಥ ಹೊಟ್ಟೆ. ಬಸವ ಸಂಸ್ಕೃತದ ವೃಷಭದ ತದ್ಭವ. ಈ ಕೊನೆಯ ಎರಡರಲ್ಲೂ ‘ವ’ ‘ಬ’ ಆಗಿದೆ ಅನ್ನುವುದು ಮಾತ್ರ ಸಮಾನ.

ಈಗ ಕನ್ನಡದ ಬಾಯಿಗೆ ಬರೋಣ. ‘ಬಸ್’ ಯಾಕೆ ‘ಬಸ್ಸು’ ಆಯಿತು, ‘ಕಾರ್’ ಯಾಕೆ ‘ಕಾರ್ರು’ ಆಗಲಿಲ್ಲ? ಹಳಗನ್ನಡದ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತಿದ್ದವು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಶಾಸನದಲ್ಲಿ ‘ಕೊಟ್ಟಾರ್’, ‘ಮಹಾಪಾತಕನ್’ ಅಂತಿದೆ. ಮುಂದೆ ಕನ್ನಡ ಆ ಬೋಳು ತುದಿಗೆ ‘ಉ’ ಸೇರಿಸಿಕೊಂಡಿತು, ಕೊಟ್ಟರು ಆಯಿತು, ಪಾತಕನು ಆಯಿತು. ಪದ ಒಂದೇ ಉಸಿರಿನದಾಗಿದ್ದು ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ. ಕಲ್ ಕಲ್ಲಾಯಿತು, ಕಣ್ ಕಣ್ಣಾಯಿತು, ಪಲ್ ಹಲ್ಲಾಯಿತು. ಸ್ವರ ದೀರ್ಘವಾಗಿದ್ದರೆ ಇಮ್ಮಡಿಯಿಲ್ಲ. ಕಾಲ್ ಕಾಲು, ಮೀನ್ ಮೀನು, ತೇರ್ ತೇರು. ಈಗ ಬಸ್ಸು, ಪೆನ್ನು, ಕಪ್ಪು ಒಂದು ಕಡೆ ಇಡಿ. ಕಾರು, ರೋಡು, ಫೋನು ಇನ್ನೊಂದು ಕಡೆ ಇಡಿ. ಇಂಗ್ಲಿಷ್ ಕಲಿಯದ ಅಜ್ಜಿಯೂ ತಪ್ಪದೆ ಪಾಲಿಸುವ ಕಟ್ಟಳೆ ಇದು. ಒಂದೇ ಒಂದು ಪೇಚು, ಕಪ್ ‘ಕಪ್ಪು’ ಆದಾಗ ಬಣ್ಣದ ಕಪ್ಪಿಗೆ ಡಿಕ್ಕಿ ಹೊಡೆಯುತ್ತದೆ. ಚಿಕ್ಕಮಗಳೂರಿನಲ್ಲಿ ಕೂತು ‘ಒಂದು ಕಪ್ಪು ಕಾಫಿ’ ಅಂದರೆ ಹಾಲು ಹಾಕಬೇಕೋ ಬೇಡವೋ ಅಂತ ಅಳತೆಯ ಮಾತಿನಿಂದ ತಿಳಿಯುವುದಿಲ್ಲ.

ಬರವಣಿಗೆಯಲ್ಲಿ ಮಾತ್ರ ನಾವು ಹಿಂದಕ್ಕೆ ಹೋಗುತ್ತಿದ್ದೇವೆ. ಪತ್ರಿಕೆಗಳಲ್ಲಿ ಈಗ ‘ಬಸ್‌ಗೆ’, ‘ಬಸ್‌ನಲ್ಲಿ’. ಉಕಾರ ಬಿಟ್ಟು ಮತ್ತೆ ಹಲ್ಮಿಡಿಯ ಕಾಲದ ಬೋಳು ತುದಿ. ‘ಬಸ್ಸಿಗೆ’, ‘ಬಸ್ಸಲ್ಲಿ’ ಅಂತ ಬರೆದರೆ ಬಾಯಿಗೂ ಹತ್ತಿರ, ಟೈಪಿಗೂ ಸಲೀಸು ಅಂತ ನನ್ನ ವಾದ. ಟೈಪಿಗೆ ಯಾಕೆ ಸಲೀಸು ಅಂದರೆ, ‘ಬಸ್‌ನಲ್ಲಿ’ ಬರೆಯಲು ‘ಸ’, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ‘ನ’ ಒತ್ತಿದರೆ ಕಂಪ್ಯೂಟರು ‘ನ’ವನ್ನು ‘ಸ’ದ ಕೆಳಗೆ ಒತ್ತಾಗಿ ಇಳಿಸಿ ‘ಬಸ್ನಲ್ಲಿ’ ಮಾಡುತ್ತದೆ, ಸ್ನಾನದ ಸ್ನ ಬರುತ್ತದೆ. ತಡೆಯಲು ಹಲಂತ ಮತ್ತು ‘ನ’ದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಕಂಪ್ಯೂಟರಿನ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಟ್ಟಿರುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ, ಅಗಲವಿಲ್ಲದ, ಜೋಡಿಸದ ಅಕ್ಷರ. ಅಕ್ಷರಕ್ರಮ ಹೀಗೆ: ಬ, ಸ, ಹಲಂತ, 200ಸಿ, ನ, ಲ, ಹಲಂತ, ಲ, ಇಕಾರದ ಗುಣಿತ. 200ಸಿಯನ್ನು ಹಲಂತಕ್ಕೆ ಮೊದಲು ಹಾಕಿದರೆ ಕೆಲಸವಾಗುವುದಿಲ್ಲ.

ಹಾಕಿದ ಮೇಲೂ ಕಾಟ ತಪ್ಪುವುದಿಲ್ಲ. ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಿಸುವಾಗ, ಕೆಲವೊಮ್ಮೆ ನಕಲು ಮಾಡಿ ಅಂಟಿಸುವಾಗ, ಅದು ಸದ್ದಿಲ್ಲದೆ ಉದುರಿಹೋಗುತ್ತದೆ. ಅದು ಇರುವ ‘ಬಸ್‌ನಲ್ಲಿ’ಯೂ ಇಲ್ಲದ ‘ಬಸ್ನಲ್ಲಿ’ಯೂ ಕಂಪ್ಯೂಟರಿಗೆ ಬೇರೆ ಬೇರೆ ಪದ, ಆದ್ದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಇದರ ರಗಳೆಯೇ ಬೇಡ ಅಂತ ಜನ ನಡುವೆ ಜಾಗ ಬಿಟ್ಟು ‘ಬಸ್ ನಲ್ಲಿ’ ಅಂತ ಬರೆಯುತ್ತಾರೆ. ಆಗ ಸಾಲು ಮುರಿದಾಗ ‘ಬಸ್’ ಮೇಲಿನ ಸಾಲಿನಲ್ಲಿ ಉಳಿದು ಕೆಳಗಿನ ಸಾಲು ‘ನಲ್ಲಿ’ಯಿಂದ ಶುರುವಾಗುತ್ತದೆ, ಬಸ್ಸಿಗೆ ನೀರಿನ ಕೊಳಾಯಿ ಹಾಕಿದಂತೆ. ‘ಬಸ್ಸಿನಲ್ಲಿ’ ಅಂತ ಬರೆದರೆ ಇದ್ಯಾವುದೂ ಇಲ್ಲ. ಸ್ಟ್ಯಾಂಡ್ ಸೇರಿದಾಗ ಇನ್ನೂ ಕಷ್ಟ, ಎರಡು ಸಕಾರ, ಒಂದು ಟಕಾರ, ಒಂದು ಯಕಾರ ಒಂದರ ಕೆಳಗೊಂದು ಪೇರಿಸಿಕೊಳ್ಳುತ್ತವೆ. ಹಾಸನದ ಬಾಯಿ ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿದೆ, ಒಂದು ಸಕಾರ ನುಂಗಿ ‘ಬಸ್ಟ್ಯಾಂಡು’. ಚನ್ನರಾಯಪಟ್ಟಣವನ್ನು ಸಿ.ಆರ್. ಪಟ್ಟಣ, ಹೊಳೆನರಸೀಪುರವನ್ನು ಎಚ್.ಎನ್. ಪುರ ಅಂತ ಊರುಗಳನ್ನೇ ಮೊಟಕು ಮಾಡಿದ ಜಿಲ್ಲೆಗೆ ಇದೇನು ದೊಡ್ಡದಲ್ಲ.

‘ಬಸ್ ಸಾರಿಗೆ’ಯಲ್ಲಿ ಜಾಗವೂ ಬಿಡದೆ 200ಸಿಯೂ ಹಾಕದೆ ಹೋದರೆ ತೆರೆಯ ಮೇಲೆ ಮೂಡುವುದು ‘ಬಸ್ಸಾರಿಗೆ’. ‘ಬಸ್ಸಾರಿಗೆ ದರ ಏರಿಕೆ’ ಅಂತ ಶೀರ್ಷಿಕೆ ಬಂದರೆ ಹೋಟೆಲಿನವರು ಬೆಚ್ಚಬೇಕು.

ಆ ಬಸ್ಸಾರು ಮೂಲತಃ ‘ಬಸಿಸಾರು’. ಮೂರಕ್ಷರದ ಪದಗಳ ನಡುವಿನ ಹ್ರಸ್ವ ಸ್ವರವನ್ನು ನಮ್ಮ ಕಡೆ ಉಳಿಸುವುದಿಲ್ಲ. ಹೆಸರು ಹೆಸ್ರು, ಕೆಸರು ಕೆಸ್ರು, ಮೊಸರು ಮೊಸ್ರು. ಹಾಗೇ ಬಸಿಯ ಇಕಾರ ಬಿದ್ದು ‘ಬಸ್’ ಉಳಿಯಿತು, ಮುಂದೆ ಸಾರಿನ ‘ಸ’ ಕಾದಿತ್ತು, ಎರಡೂ ಸೇರಿ ‘ಸ್ಸ’. ಮಸೆದ ಸೊಪ್ಪು ಮಸ್ಸೊಪ್ಪಾದದ್ದೂ, ಉಪ್ಪುಸಾರು ಉಪ್ಸಾರಾದದ್ದೂ ಇದೇ ದಾರಿ. ಬಸಿ ಅಂದರೆ ನೀರು ಇಳಿಯುವಂತೆ ಮಾಡು. ಅನ್ನ ಬಸಿಯುವುದೂ ಅದೇ, ಅಡಿಕೆ ತೋಟದ ಬಸಿಗಾಲುವೆಯೂ ಅದೇ. ಪದ ಮೊಟಕಾದರೂ ಮಾಡುವ ಕೆಲಸ ಅದರಲ್ಲೇ ಹೇಳಿದೆ, ಬಸಿಯದಿದ್ದರೆ ಅದು ಬಸ್ಸಾರಲ್ಲ.

ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ, ಎರಡು ಕಟ್ಟು ದಂಟಿನ ಸೊಪ್ಪು ಅಥವಾ ಒಂದು ಕಟ್ಟು ದಂಟು ಒಂದು ಕಟ್ಟು ಸಬ್ಬಸಿಗೆ, ಆರು ಲೋಟ ನೀರು. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಬೇಕು, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿದರೆ ಹಿಚುಕಬೇಕು, ಆದರೆ ಪಾತ್ರೆಯಲ್ಲಿ ಆಕಾರ ಉಳಿದಿರಬೇಕು. ಆಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ. ಸೊಪ್ಪನ್ನು ಬೇಳೆಯ ಜೊತೆಗೇ ಹಾಕಿಬಿಟ್ಟರೆ ಬೇಳೆ ಬೇಯುವ ಹೊತ್ತಿಗೆ ಅದು ಬಣ್ಣ ಕೆಟ್ಟು ಲೋಳೆಯಾಗುತ್ತದೆ. ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು, ಇಲ್ಲವೇ ತೂತಿನ ಪಾತ್ರೆಗೆ ಸುರಿದು ಬಸಿದರೆ ನಾಲ್ಕು ಲೋಟದಷ್ಟು ಕಟ್ಟು, ಅಂದರೆ ಬೇಳೆ-ಸೊಪ್ಪು ಬೆಂದ ನೀರು, ಸಿಗುತ್ತದೆ.

ಒಂದು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಮೆಣಸು ಹುರಿದು, ಅದಕ್ಕೆ ಕಾಲು ಲೋಟ ತೆಂಗಿನತುರಿ, ಎರಡು ಚಮಚ ಸಾರಿನ ಪುಡಿ, ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು, ಬಸಿದು ಉಳಿದ ಬೇಳೆ-ಸೊಪ್ಪಿನಿಂದ ಎರಡು ದೊಡ್ಡ ಚಮಚ ಸೇರಿಸಿ ನುಣ್ಣಗೆ ರುಬ್ಬಬೇಕು. ಆ ಎರಡು ಚಮಚ ಮರೆತರೆ ಕಟ್ಟು ಬೇರೆ ಖಾರ ಬೇರೆ ನಿಂತು ಸಾರು ನೀರುನೀರಾಗುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಎಂಟು ಹತ್ತು ನಿಮಿಷ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ. ಮಿಕ್ಕ ಬೇಳೆ-ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಕೆಡುವುದು ಹೆಚ್ಚಾಗಿ ಕುಕ್ಕರಿನಿಂದ. ಮೂರು ವಿಸಿಲ್ ಕೂಗಿಸಿದರೆ ಬೇಳೆ ಕರಗಿ ನೀರಿಗೆ ಸೇರುತ್ತದೆ, ಬಸಿಯಲು ಹೋದರೆ ಎಲ್ಲವೂ ಇಳಿದು ಬರುತ್ತದೆ, ಪಲ್ಯಕ್ಕೆ ಉಳಿಯುವುದು ಸೊಪ್ಪಿನ ನಾರು ಮಾತ್ರ. ಹಾಗಾದ ದಿನ ಬಸಿಯುವ ಗೋಜಿಗೆ ಹೋಗದೆ ಎಲ್ಲ ಸೇರಿಸಿ ಕಡೆಗೋಲಲ್ಲಿ ಮಸೆದು ಮಸ್ಸೊಪ್ಪು ಅಂತ ಬಡಿಸುವುದು ಮೇಲು.